ಸೀಮಿತ ಸಂಬಳದಲ್ಲಿ ನಾಣ್ಯ ಸಂಗ್ರಹ: ಒಂದು ಸಮಗ್ರ ಮಾರ್ಗದರ್ಶಿ

ಕೃಷ್ಣದೇವರಾಯನ ಕಾಲದ ಬಾಲಕೃಷ್ಣ ವರಹವೊಂದು ಸುಮಾರು 3.4 ಗ್ರಾಂ ತೂಗುತ್ತದೆ. ಇಂದಿನ ದರದಲ್ಲಿ ಅದರ ಚಿನ್ನದ ಬೆಲೆಯೊಂದೇ ಎಷ್ಟೋ ಮನೆಗಳ ತಿಂಗಳ ಖರ್ಚನ್ನು ಮೀರುತ್ತದೆ. ಸಂಗ್ರಹಕಾರರು ಅದರ ಮೇಲೆ ಕಟ್ಟುವ ಬೆಲೆ ಬೇರೆ. ಅದೇ ವಿಜಯನಗರದ ಅರಸರು ಹೊರಡಿಸಿದ ತಾಮ್ರದ ನಾಣ್ಯಗಳು, ಆನೆಯೋ ನಂದಿಯೋ ಗರುಡನೋ ಇರುವಂಥವು, ತಕ್ಕಮಟ್ಟಿಗೆ ಸವೆದ ಸ್ಥಿತಿಯಲ್ಲಿ ಕೆಲವು ನೂರು ರೂಪಾಯಿಗೆ ಈಗಲೂ ಸಿಗುತ್ತವೆ. ಎರಡೂ ಒಂದೇ ರಾಜ್ಯದ ಚರಿತ್ರೆಯನ್ನು ಹೇಳುತ್ತವೆ. ಸಾಮಾನ್ಯ ಜನರ ಕೈಯಲ್ಲಿ, ಸಂತೆಯಲ್ಲಿ, ಸುಂಕದ ಕಟ್ಟೆಯಲ್ಲಿ ಓಡಾಡಿದ್ದು ಮಾತ್ರ ಹೆಚ್ಚಾಗಿ ಎರಡನೆಯದು. ಕಡಿಮೆ ಆದಾಯದವರು ಈ ಹವ್ಯಾಸವನ್ನು ನಡೆಸಿಕೊಂಡು ಹೋಗುವ ಬಗೆಯೆಲ್ಲ ಈ ಅಂತರವನ್ನು ಅರಿಯುವುದರಲ್ಲಿದೆ: ಹಣ ಕಡಿಮೆ ಇದ್ದ ಕಡೆ ತಿಳಿವಳಿಕೆಯನ್ನು ಮುಂದಿಡಬೇಕು, ಆಸೆಯ ವಿಸ್ತಾರವನ್ನು ಕುಗ್ಗಿಸಬೇಕು.

ಮೊದಲ ಹಂತ: ಹಣದ ಮಿತಿಯನ್ನು ನಿಗದಿಪಡಿಸುವುದು

ಯಾವುದೇ ನಾಣ್ಯವನ್ನು ಕೊಳ್ಳುವ ಮೊದಲು, ತಿಂಗಳಿಗೆ ಇಷ್ಟು ಎಂದು ಒಂದು ಮೊತ್ತವನ್ನು ಗೊತ್ತುಮಾಡಿ, ಅದನ್ನು ಮನೆಯ ಖರ್ಚಿನ ಖಾತೆಯಿಂದ ಬೇರೆಯಾಗಿಡಬೇಕು. ತಿಂಗಳಿಗೆ 25,000 ರೂಪಾಯಿ ಗಳಿಸುವವರು 500 ರೂಪಾಯಿ ತೆಗೆದಿಟ್ಟರೆ ಅದು ಗಳಿಕೆಯ ಶೇ. 2 ಮಾತ್ರ. ವರ್ಷಕ್ಕೆ 6,000 ರೂಪಾಯಿಯಾಗುತ್ತದೆ, ಮುಂದೆ ನೋಡಲಿರುವಂತೆ ಅಷ್ಟರಲ್ಲಿ ಗೌರವಯುತವಾದ ಸಂಗ್ರಹವೊಂದು ಖಂಡಿತ ಬೆಳೆಯುತ್ತದೆ. ನಾಣ್ಯದ ಬೆಲೆಯ ಜೊತೆಗೆ ಹೋಲ್ಡರ್, ಆಲ್ಬಂ, ಅಂಚೆ ವೆಚ್ಚ, ಪ್ರದರ್ಶನಕ್ಕೆ ಹೋಗಿಬರುವ ಬಸ್ಸಿನ ಚಾರ್ಜು ಇವೆಲ್ಲವೂ ಈ ಮೊತ್ತದೊಳಗೇ ಬರಬೇಕು. ಇವನ್ನು ಲೆಕ್ಕಕ್ಕೆ ಹಿಡಿಯದೆ ಹೋಗುವುದರಿಂದಲೇ ಅನೇಕರಿಗೆ ಹವ್ಯಾಸ ತಾವು ಅಂದುಕೊಂಡದ್ದರ ಎರಡರಷ್ಟು ದುಬಾರಿಯಾಗುತ್ತದೆ.

ಒಂದು ತಿಂಗಳು ಏನೂ ಕೊಳ್ಳದಿದ್ದರೆ ಆ ಹಣ ಮುಂದಿನ ತಿಂಗಳಿಗೆ ಸೇರಲಿ. ಆದರೆ ಮುಂದಿನ ತಿಂಗಳ ಹಣವನ್ನು ಈ ತಿಂಗಳೇ ಬಳಸುವುದು ಬೇಡ. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ. 3ರ ಆಸುಪಾಸಿನಲ್ಲಿ ಬಡ್ಡಿ ಬೀಳುವಾಗ, ಆ ವೇಗದಲ್ಲಿ ಬೆಲೆ ಏರುವ ನಾಣ್ಯ ಸಾಮಾನ್ಯ ಸಂಗ್ರಹಕಾರನ ಕೈಗೆ ಸಿಗುವುದಿಲ್ಲ. ‘ಇದು ಹೂಡಿಕೆ’ ಎಂದು ಮನೆಯವರನ್ನೂ ತಮ್ಮನ್ನೂ ನಂಬಿಸುವ ಅಭ್ಯಾಸವನ್ನು ಆರಂಭದಲ್ಲೇ ಬಿಡುವುದು ಲೇಸು. ಇಂದು 1,000 ರೂಪಾಯಿಗೆ ಕೊಂಡ ನಾಣ್ಯವನ್ನು ನಾಳೆ ಅದೇ ವ್ಯಾಪಾರಿಗೆ ಮರಳಿಸಲು ಹೋದರೆ ಅವರು ತಮ್ಮ ಲಾಭವನ್ನು ಕಳೆದೇ ಬೆಲೆ ಹೇಳುತ್ತಾರೆ, ಅದು ಅವರ ಹೊಟ್ಟೆಪಾಡು. ಮೊತ್ತ ಎಷ್ಟೆಂಬುದು ಮನೆಯವರಿಗೂ ಗೊತ್ತಿರಲಿ. ಗುಟ್ಟಾಗಿ ನಡೆಯುವ ಹವ್ಯಾಸಕ್ಕೆ ಮಿತಿ ಹಾಕುವವರು ಯಾರೂ ಇರುವುದಿಲ್ಲ.

ಎರಡನೆಯ ಹಂತ: ವಿಷಯವನ್ನು ಕಿರಿದು ಮಾಡುವುದು

ಸಿಕ್ಕಿದ್ದನ್ನೆಲ್ಲ ಸೇರಿಸುವವರ ಹಣ ನೀರಿನಂತೆ ಹರಿದುಹೋಗುತ್ತದೆ, ಸಂಗ್ರಹಕ್ಕೆ ಮಾತ್ರ ಆಕಾರ ಬರುವುದಿಲ್ಲ. ಆದ್ದರಿಂದ ಮೊದಲ ಎರಡು ವರ್ಷಗಳ ಮಟ್ಟಿಗೆ ಒಂದೇ ವಿಷಯವನ್ನು ಆರಿಸಿಕೊಂಡು, ಅದರಾಚೆಯ ನಾಣ್ಯ ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳುವುದಿಲ್ಲವೆಂದು ನಿಶ್ಚಯಿಸಬೇಕು. ಕರ್ನಾಟಕದಲ್ಲಿರುವವರಿಗೆ ಹೊಂದುವ ಕೆಲವು ವಿಷಯಗಳನ್ನು, ಅತಿ ಅಗ್ಗವಾದದ್ದರಿಂದ ಆರಂಭಿಸಿ, ಇಲ್ಲಿ ವಿವರಿಸಿದೆ.

ಅತ್ಯಂತ ಅಗ್ಗವಾದದ್ದು ಚಲಾವಣೆಯಲ್ಲಿರುವ ನಾಣ್ಯಗಳನ್ನು ಟಂಕಸಾಲೆಯ, ಅಂದರೆ ನಾಣ್ಯ ಅಚ್ಚುಹಾಕುವ ಕಾರ್ಖಾನೆಯ, ಗುರುತಿನ ಪ್ರಕಾರ ಕೂಡಿಸುವುದು. ಇಸವಿಯ ಕೆಳಗೆ ವಜ್ರಾಕಾರದ ಗುರುತಿದ್ದರೆ ಅದು ಮುಂಬಯಿಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ದುಂಡನೆಯ ಚುಕ್ಕೆ ಇದ್ದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ನೋಯ್ಡಾ ಟಂಕಸಾಲೆ 1988ರಲ್ಲಿ ಆರಂಭವಾದ್ದರಿಂದ ಅದಕ್ಕೂ ಹಿಂದಿನ ನಾಣ್ಯಗಳಲ್ಲಿ ಅದರ ಚುಕ್ಕೆಯನ್ನು ಹುಡುಕುವಂತಿಲ್ಲ. ಒಂದು, ಎರಡು ಮತ್ತು ಐದು ರೂಪಾಯಿಯ ಒಂದೊಂದು ಇಸವಿಗೂ ಬೇರೆ ಬೇರೆ ಟಂಕಸಾಲೆಗಳ ನಾಣ್ಯವನ್ನು ದಿನಸಿ ಅಂಗಡಿಯ ಚಿಲ್ಲರೆಯಲ್ಲೇ ಹುಡುಕಬಹುದು, ತಗಲುವುದು ಅದರ ಮುಖಬೆಲೆ ಅಷ್ಟೇ. 2006ರಲ್ಲಿ ಬಂದ ಬಸವೇಶ್ವರರ ಐದು ರೂಪಾಯಿಯಂಥ ಸ್ಮರಣಾರ್ಥ ನಾಣ್ಯಗಳು ಹಾಗೆಯೇ ಕೈಗೆ ಬಂದು ಹೋದವು; ಆಗ ಎತ್ತಿಟ್ಟವರು ಈಗ ಹುಡುಕಬೇಕಾಗಿಲ್ಲ.

ಎರಡನೆಯದು ಗಣರಾಜ್ಯದ ಹಳೆಯ ಪೈಸೆಗಳು. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಜಾರಿಯಾಗಿ, ಕೆಲವು ವರ್ಷ ‘ನಯೇ ಪೈಸೆ’ ಎಂದೇ ನಾಣ್ಯಗಳ ಮೇಲೆ ಮುದ್ರಿತವಾಗುತ್ತಿತ್ತು. ಆರು ಮೂಲೆಯ ಮೂರು ಪೈಸೆ, ಚೌಕದ ಐದು ಪೈಸೆ, ಅಂಚಿಗೆ ಅಲೆಯಿರುವ ಹತ್ತು ಪೈಸೆ, ಕಮಲದ ಇಪ್ಪತ್ತು ಪೈಸೆ ಇವೆಲ್ಲ ಇನ್ನೂ ಮನೆಗಳ ಡಬ್ಬಿಗಳಲ್ಲಿವೆ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಮೌಲ್ಯದವು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲವಾದ್ದರಿಂದ, ಬಂಧುಗಳನ್ನು ಕೇಳಿದರೆ ಹಿಡಿಗಟ್ಟಲೆ ಕೊಟ್ಟುಬಿಡುತ್ತಾರೆ. 

ಮೂರನೆಯದು ಮೈಸೂರಿನ ತಾಮ್ರ, ಈ ಲೇಖಕನ ಮಟ್ಟಿಗೆ ಕನ್ನಡಿಗನಿಗೆ ಇದಕ್ಕಿಂತ ಒಳ್ಳೆಯ ವಿಷಯವಿಲ್ಲ. ಟಿಪ್ಪು ಸುಲ್ತಾನನ ಆನೆಯ ಚಿತ್ರದ ಪೈಸೆಗಳು ಶ್ರೀರಂಗಪಟ್ಟಣ, ನಗರ (ಹಿಂದಿನ ಬಿದನೂರು), ಬೆಂಗಳೂರು ಮುಂತಾದ ಅನೇಕ ಟಂಕಸಾಲೆಗಳಲ್ಲಿ ಅಚ್ಚಾದವು. ಆನೆಯ ಮುಖ ಎಡಕ್ಕೋ ಬಲಕ್ಕೋ, ಮೇಲ್ಗಡೆ ಅಕ್ಷರವಿದೆಯೋ ಇಲ್ಲವೋ, ಯಾವ ಊರಿನ ಹೆಸರಿದೆ ಎಂದು ನೋಡುತ್ತ ಹೋದರೆ ಒಂದೇ ನಮೂನೆಯಲ್ಲಿ ಹತ್ತಾರು ಪ್ರಭೇದಗಳು ಕಾಣುತ್ತವೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳಲ್ಲಿ ಆನೆಯೂ ಅನಂತರ ಸಿಂಹವೂ ಬರುತ್ತವೆ, ‘ಶ್ರೀ ಚಾಮುಂಡಿ’ ಎಂಬ ಕನ್ನಡ ಬರಹವಿರುತ್ತದೆ, ‘ಮಯಿಲಿ ಕಾಸು’ ಎಂದು ಬೆಲೆಯೂ ಕನ್ನಡದಲ್ಲಿರುತ್ತದೆ, ಪಕ್ಕದಲ್ಲೇ ಇಂಗ್ಲಿಷಿನಲ್ಲೂ ರೋಮನ್ ಅಂಕೆಯಲ್ಲೂ ಅದೇ ಬೆಲೆ. 5, 10 ಮತ್ತು 20 ಕಾಸಿನ ಈ ನಾಣ್ಯಗಳನ್ನು ಓದಲು ಉತ್ತರದ ದೊಡ್ಡ ಸಂಗ್ರಹಕಾರರಿಗೆ ಕೈಪಿಡಿ ಬೇಕು, ನಮಗೆ ಬೇಡ. ಅಸ್ಪಷ್ಟವಾದ ನಾಣ್ಯಗಳ ರಾಶಿಯಲ್ಲಿ ಅಪರೂಪದ್ದನ್ನು ಗುರುತಿಸುವ ಅವಕಾಶ ಓದಬಲ್ಲವರಿಗೆ ಮಾತ್ರ ಸಿಗುವುದರಿಂದ, ಭಾಷೆಯ ಈ ಅನುಕೂಲವನ್ನು ಬಂಡವಾಳವೆಂದೇ ಎಣಿಸಬೇಕು.

ನಾಲ್ಕನೆಯದು ಬ್ರಿಟಿಷ್ ಭಾರತದ ಒಂದೇ ಮೌಲ್ಯದ ನಾಣ್ಯಗಳು: ತೂತಿನ ಕಾಸು, ಅಲೆಯಂಚಿನ ಒಂದಾಣೆ, ಚೌಕದ ಎರಡಾಣೆ ಹೀಗೆ. ಬೆಳ್ಳಿಯ ರೂಪಾಯಿ ಈ ಪಟ್ಟಿಯ ಕೊನೆಗೆ ಬರುತ್ತದೆ, ಏಕೆಂದರೆ ಅದರ ಬೆಲೆಯನ್ನು ಬೆಳ್ಳಿಯ ದರ ಆಳುತ್ತದೆ.

ಸಣ್ಣ ಬಜೆಟ್ಟಿನವರು ಮೊದಲಲ್ಲಿ ದೂರವಿಡಬೇಕಾದದ್ದು ಚಿನ್ನ ಮತ್ತು ಸರ್ಕಾರಿ ಟಂಕಸಾಲೆಗಳು ಪೆಟ್ಟಿಗೆಯಲ್ಲಿಟ್ಟು ಮಾರುವ, ಸಂಗ್ರಹಕಾರರಿಗೆಂದೇ ವಿಶೇಷವಾಗಿ ಅಚ್ಚಾದ ದುಬಾರಿ ಪ್ರೂಫ್ ಸೆಟ್‌ಗಳು. ಅಂದದ ಪೆಟ್ಟಿಗೆಗೆ ತೆತ್ತ ಹಣ ಮರುಮಾರಾಟದಲ್ಲಿ ಹೆಚ್ಚಾಗಿ ಹಿಂದಿರುಗುವುದಿಲ್ಲ.

ಮೂರನೆಯ ಹಂತ: ಕೊಳ್ಳುವ ಮೊದಲು ಓದುವುದು, ನೋಡುವುದು

ವಿಷಯವನ್ನು ಆರಿಸಿದ ಮೇಲೆ ಕನಿಷ್ಠ ಎರಡು ಮೂರು ತಿಂಗಳು ಕೈಯಲ್ಲಿ ಹಣವಿದ್ದರೂ ಕೊಳ್ಳದೆ ನೋಡುತ್ತಿರುವುದು ಒಳ್ಳೆಯದು. ನ್ಯೂಮಿಸ್ಟಾ ಜಾಲತಾಣದಲ್ಲಿ ಆಧುನಿಕ ನಾಣ್ಯಗಳ ತೂಕ, ಲೋಹ, ವ್ಯಾಸ, ಇಸವಿಗಳು ಉಚಿತವಾಗಿ ದೊರೆಯುತ್ತವೆ. ಪ್ರಾಚೀನ ಮತ್ತು ಮಧ್ಯಯುಗದ ಪೌರ್ವಾತ್ಯ ನಾಣ್ಯಗಳ ಚಿತ್ರಗಳಿಗೆ ಜೀನೋ ಜಾಲತಾಣವಿದೆ. ಹರಾಜು ಸಂಸ್ಥೆಗಳು ಹಿಂದಿನ ಹರಾಜುಗಳ ಚಿತ್ರವನ್ನೂ ಮಾರಾಟವಾದ ಬೆಲೆಯನ್ನೂ ತಮ್ಮ ತಾಣದಲ್ಲಿ ಇಟ್ಟಿರುತ್ತವೆ. ನಾಣ್ಯದ ನಿಜವಾದ ಬೆಲೆ ತಿಳಿಯಲು ಇದಕ್ಕಿಂತ ನಂಬಿಕೆಯ ದಾರಿಯಿಲ್ಲ. ಅಂಗಡಿಯಲ್ಲಿ ಬರೆದಿರುವುದು ಕೇಳುವ ಬೆಲೆ, ಹರಾಜಿನ ದಾಖಲೆಯಲ್ಲಿರುವುದು ಒಬ್ಬರು ಕೊಟ್ಟ ಬೆಲೆ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ, ಮುಂಬಯಿಯಲ್ಲಿ ರಿಸರ್ವ್ ಬ್ಯಾಂಕ್ ನಡೆಸುವ ನಾಣ್ಯ ಸಂಗ್ರಹಾಲಯ ಇವುಗಳನ್ನು ಸಾಧ್ಯವಾದಾಗ ನೋಡಬೇಕು. ಕಾಗದದ ಹಣದಲ್ಲಿ ಆಸಕ್ತಿಯಿರುವವರಿಗೆ ಬೆಂಗಳೂರಿನಲ್ಲೇ ರಜ್ವಾನ್ ರಜಾಕ್ ಅವರ ನೋಟುಗಳ ಸಂಗ್ರಹಾಲಯವಿದೆ. 

ಟಿಪ್ಪುವಿನ ನಾಣ್ಯ ಕೊಳ್ಳುವವರು ಪರ್ಷಿಯನ್ ಅಂಕೆಗಳನ್ನೂ ಟಂಕಸಾಲೆಯ ಊರುಗಳ ಹೆಸರನ್ನೂ ಗುರುತಿಸುವಷ್ಟು ಕಲಿತರೆ ಸಾಕು. ಒಂದು ವಿಶೇಷವನ್ನು ಮಾತ್ರ ನೆನಪಿಡಬೇಕು: ಅವನು ಜಾರಿಗೆ ತಂದ ಮೌಲೂದಿ ಶಕೆಯ ಇಸವಿಗಳಲ್ಲಿ ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆಯಲಾಗಿದೆ. ಎಡದಿಂದ ಓದಿದವರು ಇಲ್ಲದ ವರ್ಷವೊಂದನ್ನು ಕಂಡು ಗಾಬರಿಯಾಗುತ್ತಾರೆ.

ನಾಲ್ಕನೆಯ ಹಂತ: ಸಲಕರಣೆ ಮತ್ತು ಪರೀಕ್ಷೆ

ಬೇಕಾದದ್ದು ಕಡಿಮೆ: 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ಹತ್ತು ಪಟ್ಟು ದೊಡ್ಡದಾಗಿಸುವ ಭೂತಗನ್ನಡಿ, ಒಂದು ಅಳತೆಯ ಕ್ಯಾಲಿಪರ್ ಮತ್ತು ಒಂದು ಅಯಸ್ಕಾಂತ. ಮೊದಲ ಎರಡು ಮೂರು ತಿಂಗಳ ಹಣ ಇದಕ್ಕೇ ಹೋದರೂ ಚಿಂತೆಯಿಲ್ಲ, ನಕಲಿಯೊಂದನ್ನು ತಪ್ಪಿಸಿದ ದಿನವೇ ಅದು ವಾಪಸಾಗುತ್ತದೆ.

ಬ್ರಿಟಿಷ್ ಭಾರತದ ರೂಪಾಯಿ ಒಂದು ತೊಲದ ತೂಕದ್ದು, ಅಂದರೆ 11.66 ಗ್ರಾಂ. 1939ರವರೆಗಿನದರಲ್ಲಿ ಬೆಳ್ಳಿ ಶೇ. 91.7, ಅಂದರೆ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ. ಯುದ್ಧಕಾಲದಲ್ಲಿ, 1940ರಿಂದ 1945ರವರೆಗೆ, ಅದನ್ನು ಅರ್ಧಕ್ಕಿಳಿಸಿದ್ದರಿಂದ ಆ ರೂಪಾಯಿಯಲ್ಲಿರುವುದು 5.83 ಗ್ರಾಂ ಮಾತ್ರ. 1947ರ ರೂಪಾಯಿ ನಿಕ್ಕಲ್ಲಿನದು. ಕೊಳ್ಳುವ ದಿನದ ಬೆಳ್ಳಿಯ ದರವನ್ನು ಈ ಅಂಕಿಗಳಿಂದ ಗುಣಿಸಿದರೆ ನಾಣ್ಯದ ತಳಬೆಲೆ ಸಿಗುತ್ತದೆ. ಸಾಮಾನ್ಯ ವರ್ಷದ, ಸವೆದ ರೂಪಾಯಿಗೆ ಅದರ ಮೇಲೆ ಬಹಳ ಕೊಡಬೇಕಾಗಿಲ್ಲ. ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಆಕ್ಷೇಪ ಬಂದ 1911ರ ರೂಪಾಯಿ ಮತ್ತು ಆರನೇ ಜಾರ್ಜನ 1939ರ ರೂಪಾಯಿ ಇದಕ್ಕೆ ಹೊರತು, ಅವುಗಳ ಬೆಲೆಯೇ ಬೇರೆ. ಧನತ್ರಯೋದಶಿ, ದೀಪಾವಳಿಯ ವಾರದಲ್ಲಿ ಲಕ್ಷ್ಮೀ ಪೂಜೆಗೆಂದು ರೂಪಾಯಿಗಳಿಗೆ ಬೇಡಿಕೆ ಏರುವುದರಿಂದ ಆಗ ಕೊಳ್ಳದಿರುವುದು ಜಾಣತನ.

ಬೆಳ್ಳಿಯೋ ಅಲ್ಲವೋ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ನಾಣ್ಯವನ್ನು ತೆಳುವಾದ ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಬೇಕು. ಶೇ. 91.7 ಬೆಳ್ಳಿಯ 11.66 ಗ್ರಾಂ ನಾಣ್ಯಕ್ಕೆ ತಕ್ಕಡಿ ಸುಮಾರು 1.13 ತೋರಿಸುತ್ತದೆ, ತಾಮ್ರ ನಿಕ್ಕಲ್ ಮಿಶ್ರಣದ ನಕಲಿಯಾಗಿದ್ದರೆ ಅದೇ ತೂಕಕ್ಕೆ 1.3ರ ಹತ್ತಿರ ಬರುತ್ತದೆ. ನಾಣ್ಯ ಸವೆದು ಹಗುರವಾಗಿದ್ದರೆ ಅದರ ತೂಕವನ್ನು ತಕ್ಕಡಿ ಆಗ ತೋರಿಸಿದ ಅಂಕಿಯಿಂದ ಭಾಗಿಸಿ ನೋಡಬೇಕು, ಉತ್ತರ 10.3ರ ಸುತ್ತ ಇರಬೇಕು. ಅಯಸ್ಕಾಂತಕ್ಕೆ ಅಂಟಿದ ‘ಬೆಳ್ಳಿ’ಯ ಬಗ್ಗೆ ಬೇರೆ ಪರೀಕ್ಷೆಯ ಅಗತ್ಯವಿಲ್ಲ.

ಐದನೆಯ ಹಂತ: ಎಲ್ಲಿ, ಯಾವ ಸ್ಥಿತಿಯದನ್ನು, ಎಷ್ಟಕ್ಕೆ ಕೊಳ್ಳುವುದು

ಮೊದಲ ಮೂಲ ಮನೆ ಮತ್ತು ಬಂಧುಬಳಗ. ಅಜ್ಜಿಯ ಟ್ರಂಕು, ದೇವರ ಮನೆಯ ಡಬ್ಬಿ, ಮುಚ್ಚಿದ ಅಂಗಡಿಯ ಗಲ್ಲಾ ಇವುಗಳಲ್ಲಿ ಪಾವಲಿ, ಎಂಟಾಣೆಗಳು ಬಿದ್ದಿರುತ್ತವೆ. ಎರಡನೆಯದು ನಾಣ್ಯ ಸಂಘಗಳ ಸಭೆ ಮತ್ತು ಪ್ರದರ್ಶನಗಳು. ಬೆಂಗಳೂರಿನಲ್ಲೂ ರಾಜ್ಯದ ಇತರ ಊರುಗಳಲ್ಲೂ ನಾಣ್ಯ, ಅಂಚೆಚೀಟಿ ಸಂಘಗಳಿದ್ದು, ಅಲ್ಪ ಸದಸ್ಯತ್ವ ಶುಲ್ಕಕ್ಕೆ ಹಿರಿಯ ಸಂಗ್ರಹಕಾರರ ಮಾತು, ವಿನಿಮಯ, ಸದಸ್ಯರ ನಡುವಿನ ಚಿಕ್ಕ ಹರಾಜು ಇವೆಲ್ಲ ದೊರೆಯುತ್ತವೆ. ಪ್ರದರ್ಶನದ ಕೊನೆಯ ದಿನ ಮಧ್ಯಾಹ್ನದ ಮೇಲೆ ಹೋದರೆ ವ್ಯಾಪಾರಿಗಳು ಚೌಕಾಸಿಗೆ ಹೆಚ್ಚು ಒಗ್ಗುತ್ತಾರೆ. ಮೊದಲ ದಿನ ಬೆಳಿಗ್ಗೆ ಹೋದವರಿಗೆ ಆಯ್ಕೆ ಹೆಚ್ಚು. ಎರಡೂ ಒಂದೇ ಸಲ ಸಿಗುವುದಿಲ್ಲ.

ಆನ್‌ಲೈನ್ ಹರಾಜಿನಲ್ಲಿ ಕೂಗಿದ ಬೆಲೆಯಷ್ಟನ್ನೇ ಕೊಟ್ಟರೆ ಸಾಕೆಂದು ಎಣಿಸಬಾರದು. ಸಂಸ್ಥೆಯ ಕಮಿಷನ್ ಶೇ. 15 ಇದ್ದು ಅಂಚೆಗೆ 100 ರೂಪಾಯಿ ಆಗುವುದಾದರೆ, 1,000 ರೂಪಾಯಿಯ ಬಿಡ್ 1,250 ಆಗುತ್ತದೆ, ತೆರಿಗೆ ಅದರ ಮೇಲೆ. ಹರಾಜಿಗೆ ಮೊದಲೇ ಒಟ್ಟು ಮಿತಿಯನ್ನು ಬರೆದಿಟ್ಟು, ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ಗರಿಷ್ಠ ಬಿಡ್ ಎಷ್ಟೆಂದು ತಿಳಿಯಬೇಕು. ಹಲವು ನಾಣ್ಯಗಳನ್ನು ಒಟ್ಟಿಗೆ ಮಾರುವ ಲಾಟುಗಳಲ್ಲಿ ಬಿಡಿನಾಣ್ಯಕ್ಕಿಂತ ಅಗ್ಗವಾಗಿ ಸಿಗುತ್ತದೆ. ಒಂದು ವಿಷಯವನ್ನು ಆಳವಾಗಿ ಓದಿದವರಿಗೆ ಲಾಭ ಇರುವುದೇ ಇಲ್ಲಿ, ಏಕೆಂದರೆ ಮಾರುವವರು ಪ್ರತಿಯೊಂದನ್ನೂ ಬಿಡಿಸಿ ನೋಡಿರುವುದಿಲ್ಲ.

ಸ್ಥಿತಿಯ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. ಚಲಾವಣೆಗೇ ಬಾರದ, ಹೊಳಪು ಆರದ ನಾಣ್ಯಕ್ಕೂ ಸ್ವಲ್ಪ ಓಡಾಡಿದ, ಆದರೆ ಅಕ್ಷರ, ಚಿತ್ರ, ಇಸವಿ ಎಲ್ಲ ಸ್ಪಷ್ಟವಾಗಿರುವ ನಾಣ್ಯಕ್ಕೂ ಬೆಲೆಯಲ್ಲಿ ಹಲವು ಪಟ್ಟು ವ್ಯತ್ಯಾಸವಿರುತ್ತದೆ. ಕಡಿಮೆ ಬಜೆಟ್ಟಿಗೆ ಎರಡನೆಯದೇ ಸರಿ. ಆದರೆ ಇನ್ನೂ ಕೆಳಗಿಳಿದು, ಇಸವಿಯೂ ಕಾಣದ ಬಿಲ್ಲೆಗಳನ್ನು ಅಗ್ಗವೆಂದು ಕೊಳ್ಳಬಾರದು. ಅಂಥ ಹತ್ತು ನಾಣ್ಯಗಳ ಹಣದಲ್ಲಿ ಒಂದು ಒಳ್ಳೆಯದು ಬರುತ್ತಿತ್ತು, ಮತ್ತು ಆ ಹತ್ತನ್ನು ಮುಂದೆ ಯಾರೂ ಕೊಳ್ಳುವುದಿಲ್ಲ. ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ದರ್ಜೆ ಬರೆದುಕೊಡುವ ಗ್ರೇಡಿಂಗ್ ಸೇವೆಗೆ ಪ್ರತಿ ನಾಣ್ಯಕ್ಕೂ ಶುಲ್ಕವಿರುವುದರಿಂದ, ಆ ಶುಲ್ಕದ ಹಲವು ಪಟ್ಟು ಬೆಲೆಬಾಳುವ ನಾಣ್ಯಕ್ಕೆ ಹೊರತು ಅದು ವ್ಯರ್ಥ.

ಆರನೆಯ ಹಂತ: ವಂಚನೆಯಿಂದ ಪಾರಾಗುವುದು

ಈಸ್ಟ್ ಇಂಡಿಯಾ ಕಂಪನಿಯ ಹೆಸರಿನಲ್ಲಿ 1616, 1717, 1818 ಮುಂತಾದ ಇಸವಿಗಳನ್ನು ಹೊತ್ತು, ಒಂದು ಬದಿಯಲ್ಲಿ ರಾಮ ಪಟ್ಟಾಭಿಷೇಕ ಅಥವಾ ಹನುಮಂತನ ಚಿತ್ರವಿರುವ ಬಿಲ್ಲೆಗಳು ಜಾತ್ರೆಗಳಲ್ಲೂ ಮೊಬೈಲಿನಲ್ಲೂ ಸಾವಿರಾರು ರೂಪಾಯಿಗೆ ಮಾರಾಟವಾಗುತ್ತಿವೆ. ಕಂಪನಿ ಅಂಥ ನಾಣ್ಯಗಳನ್ನು ಎಂದೂ ಹೊರಡಿಸಲಿಲ್ಲ. ಅವು ಅಕ್ಕಿ ಸೆಳೆಯುತ್ತವೆ, ದೈವಶಕ್ತಿಯಿದೆ ಎಂಬ ಕತೆಗಳನ್ನು ಹೇಳುವವರ ಬಳಿ ಮಾತು ಬೆಳೆಸದಿರುವುದೇ ಉತ್ತಮ. ಕಂಪನಿಯ ಏಕರೂಪದ ನಾಣ್ಯಗಳು 1835ರಿಂದ ಆರಂಭವಾದವು; ಆ ಇಸವಿಯ ಕಾಲಾಣೆ 6.47 ಗ್ರಾಂ ತೂಗುವ, ಎಲ್ಲೆಡೆ ಸಿಗುವ ಅಗ್ಗದ ತಾಮ್ರ.

ಇನ್ನೊಂದು ವಂಚನೆ ಮಾರುವವರನ್ನು ಗುರಿಯಾಗಿಸುತ್ತದೆ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೋ ವೈಷ್ಣೋದೇವಿಯ ನಾಣ್ಯಕ್ಕೋ ಲಕ್ಷಗಟ್ಟಲೆ ಕೊಡುವುದಾಗಿ ಜಾಹೀರಾತು ಹಾಕಿ, ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಎಂದು ಮುಂಗಡ ಹಣ ಕೇಳುತ್ತಾರೆ. ತನ್ನ ಹೆಸರನ್ನು ಬಳಸಿ ಹೀಗೆ ನಡೆಯುತ್ತಿದೆಯೆಂದೂ, ಅಂಥ ವ್ಯವಹಾರ ತಾನು ನಡೆಸುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲವೆಂದೂ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳುವುದಲ್ಲ.

ಏಳನೆಯ ಹಂತ: ಕಾಯಿದೆಯ ಮಿತಿ

ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಅದನ್ನು ಖಾಸಗಿ ವ್ಯಕ್ತಿಗಳು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ರಜೆಗೆ ಬಂದ ಅಮೆರಿಕದ ತಮ್ಮನ ಕೈಗೆ ಟಿಪ್ಪುವಿನ ಪೈಸೆಯೊಂದನ್ನು ಪ್ರೀತಿಯಿಂದ ಕೊಟ್ಟು ಕಳಿಸುವುದೂ ಅಪರಾಧವೇ. ಇವುಗಳ ವ್ಯಾಪಾರ ನಡೆಸುವವರಿಗೆ ಪರವಾನಗಿ ಬೇಕು. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾಯಿದೆ ಬೇರೆಯಿದೆ. ಹಂಪಿಯಂಥ ಕಡೆ ದಾರಿಬದಿಯಲ್ಲಿ ಮಣ್ಣು ಮೆತ್ತಿದ ನಾಣ್ಯಗಳನ್ನು ತೋರಿಸುವವರಿಂದ ಕೊಳ್ಳಬಾರದು: ಅದು ಅಸಲಿಯಾದರೆ ಕಳವಿನ ಮಾಲು, ಅಲ್ಲವಾದರೆ ನಕಲಿ. ಪ್ರತಿ ಖರೀದಿಗೂ ರಸೀದಿ ಕೇಳುವ ಅಭ್ಯಾಸವಿರಲಿ.

ಎಂಟನೆಯ ಹಂತ: ವಿನಿಮಯದಿಂದ ಬೆಳೆಯುವುದು

ಲಾಟು ಕೊಂಡಾಗ, ಬಂಧುಗಳು ಕೊಟ್ಟಾಗ ಒಂದೇ ನಾಣ್ಯದ ಹಲವು ಪ್ರತಿಗಳು ಸೇರುತ್ತವೆ. ಅವುಗಳಲ್ಲಿ ಒಳ್ಳೆಯದೊಂದನ್ನು ಉಳಿಸಿಕೊಂಡು ಉಳಿದವನ್ನು ಸಂಘದ ಸಭೆಯಲ್ಲಿ ಬದಲಾಯಿಸಿಕೊಳ್ಳಬೇಕು ಅಥವಾ ಮಾರಬೇಕು, ಬಂದ ಹಣವನ್ನು ಮನೆಯ ಖರ್ಚಿಗೂ ಬಿಡದೆ ಅದೇ ಖಾತೆಗೆ ಸೇರಿಸಬೇಕು. ಹೀಗೆ ಮಾಡುತ್ತ ಹೋದರೆ ಮೂರನೆಯ ವರ್ಷದ ಹೊತ್ತಿಗೆ, 500 ರೂಪಾಯಿಯ ಮಿತಿಯನ್ನು ಮೀರದೆಯೇ, ವರ್ಷಕ್ಕೊಮ್ಮೆ ದುಬಾರಿಯಾದ ಒಂದು ನಾಣ್ಯವನ್ನು ಕೊಳ್ಳುವ ಶಕ್ತಿ ಬರುತ್ತದೆ. ಉತ್ತಮ ಪ್ರತಿ ಸಿಕ್ಕಾಗ ಹಳೆಯದನ್ನು ಬಿಟ್ಟುಕೊಡುವುದು ಮೊದಲಿಗೆ ಸಂಕಟವೆನಿಸಬಹುದು. ಎರಡನ್ನೂ ಇಟ್ಟುಕೊಳ್ಳುವವರ ಹಣ ನಿಂತುಬಿಡುತ್ತದೆ.

ಒಂಬತ್ತನೆಯ ಹಂತ: ಕಾಪಾಡುವುದು

ತೊಳೆಯಬಾರದು ಎಂಬುದೇ ಮೊದಲ ನಿಯಮ. ನಮ್ಮ ಮನೆಗಳಲ್ಲಿ ತಾಮ್ರ ಕಂಡ ಕೂಡಲೇ ಹುಣಸೆಹಣ್ಣು, ಉಪ್ಪು, ಬೂದಿ, ಪೀತಾಂಬರಿ ಪುಡಿ ಹೊರಬರುತ್ತವೆ. ಫಳಫಳ ಹೊಳೆಯುವ ಆನೆಯ ಪೈಸೆಯಲ್ಲಿ ಇನ್ನೂರು ವರ್ಷದ ಕಂದುಪದರ ಹೋಗಿ ಬೆಲೆಯ ಬಹುಭಾಗವೂ ಹೋಗಿರುತ್ತದೆ. ಧೂಳಿದ್ದರೆ ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ಉಜ್ಜದೆ, ಮೆತ್ತನೆಯ ಬಟ್ಟೆಯ ಮೇಲೆ ಆರಲು ಬಿಟ್ಟರೆ ಸಾಕು. ನಾಣ್ಯವನ್ನು ಯಾವಾಗಲೂ ಅಂಚಿನಲ್ಲಿ ಹಿಡಿಯಬೇಕು.

ಘಾಟುವಾಸನೆಯ ಮೆತ್ತನೆ ಪಿವಿಸಿ ಕವರುಗಳು ಕಾಲಕ್ರಮದಲ್ಲಿ ನಾಣ್ಯಕ್ಕೆ ಹಸಿರು ಅಂಟನ್ನು ಮೆತ್ತುತ್ತವೆ, ರಬ್ಬರ್ ಬ್ಯಾಂಡಿನ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ರಟ್ಟಿನ ಚೌಕ ಹೋಲ್ಡರುಗಳು ಅಗ್ಗ ಮತ್ತು ಸುರಕ್ಷಿತ, ಪಿನ್ ಹೊಡೆಯುವಾಗ ಮಾತ್ರ ನಾಣ್ಯಕ್ಕೆ ತಾಗದಂತೆ ಎಚ್ಚರವಿರಲಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಆಗಾಗ ಬದಲಿಸುತ್ತಿರಬೇಕು. ತಾಮ್ರದ ಮೇಲೆ ಪುಡಿಪುಡಿಯಾದ ತಿಳಿಹಸಿರು ಚುಕ್ಕೆ ಕಂಡರೆ ಆ ನಾಣ್ಯವನ್ನು ಕೂಡಲೇ ಉಳಿದವುಗಳಿಂದ ಬೇರ್ಪಡಿಸಬೇಕು.

ಹತ್ತನೆಯ ಹಂತ: ದಾಖಲೆ

ಪ್ರತಿ ನಾಣ್ಯಕ್ಕೂ ಒಂದು ಸಂಖ್ಯೆ ಕೊಟ್ಟು, ತೂಕ, ವ್ಯಾಸ, ಕೊಂಡ ದಿನ, ಯಾರಿಂದ, ಎಷ್ಟಕ್ಕೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಎರಡೂ ಬದಿಯ ಫೋಟೊ ಇಡಬೇಕು. ಅದರಲ್ಲೇ ವರ್ಷದ ಒಟ್ಟು ಖರ್ಚನ್ನು ಕೂಡಿಸಿದರೆ ಮೊದಲ ಹಂತದ ಮಿತಿ ಪಾಲನೆಯಾಗಿದೆಯೋ ಇಲ್ಲವೋ ತಿಳಿಯುತ್ತದೆ. ಮನೆಯವರಿಗೆ ನಾಣ್ಯಶಾಸ್ತ್ರ ಗೊತ್ತಿರಬೇಕಾಗಿಲ್ಲ. ಯಾವುವು ಬೆಲೆಬಾಳುವಂಥವು, ಅಗತ್ಯ ಬಿದ್ದರೆ ಯಾವ ಸಂಘವನ್ನು ಕೇಳಬೇಕು ಎಂಬ ಒಂದು ಪುಟದ ಬರಹವಿದ್ದರೆ ಅವು ಮುಂದೆ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುವುದು ತಪ್ಪುತ್ತದೆ. ಪಟ್ಟಿಯ ಒಂದು ಪ್ರತಿಯನ್ನು ನಾಣ್ಯಗಳ ಜೊತೆಯಲ್ಲಿಡದೆ ಬೇರೆ ಕಡೆ ಇಡಬೇಕು. ಕಳವಾದಾಗ ಪೊಲೀಸರಿಗೆ ದೂರು ಕೊಡಲು ತೂಕ ಮತ್ತು ಫೋಟೊ ಇರುವ ಆ ಪ್ರತಿಯೇ ಬೇಕಾಗುತ್ತದೆ.